ದೋಣಿ ಒಡೆದವನು

ಫರಂಗಿಪೇಟೆ
9 ಜೂನ್ 1958

ಪ್ರಿಯ ನಿಝಾಮ,

ನನ್ನ ತಂತಿ ನಿನಗೆ ತಲುಪಿರಬೇಕು. ಅದರಲ್ಲಿ ಹೆಚ್ಚು ಬರೆಯಲು ಕೈ ಬರಲಿಲ್ಲ. ಬೀಬಿ ಹೋದ ಬುಧವಾರ ಬೆಳಿಗ್ಗೆ ತೀರಿಕೊಂಡಳು. ನಿನ್ನ ಮಗು ಉಳಿದಿದೆ, ಹೆಣ್ಣು. ಬೀಬಿಯ ತಾಯಿ ಖತೀಜಮ್ಮನ ಹತ್ತಿರ ಇದೆ.

ಉಳಿದದ್ದನ್ನು ನೀನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಬೇಕು. ಕೂತು ಓದು.

ಶಾಲೆ ಸುರುವಾಗುವ ಹಿಂದಿನ ದಿನ, ಭಾನುವಾರ ಸಂಜೆ, ನಾನು ಶಾಲೆಯ ಬೆಂಚುಗಳನ್ನು ಒರೆಸುತ್ತಿದ್ದೆ. ಹೊಳೆಯ ಕಡೆಯಿಂದ ಕೊಡಲಿ ಬೀಸುವ ಸದ್ದು ಕೇಳಿತು. ದೋಣಿ ಹತ್ತುವ ಕಡವಿಗೆ ಹೋಗಿ ನೋಡಿದರೆ ಆಚೆ, ಹೊಳೆಯ ಮಧ್ಯದ ನಡುಕುದ್ರಿನ ದಡದಲ್ಲಿ ನಿನ್ನ ಅಣ್ಣ ಜನ ದಾಟಿಸುವ ತಮ್ಮ ದೋಣಿಯನ್ನೇ ಒಡೆಯುತ್ತಿದ್ದರು. ಮೀನು ಹಿಡಿಯುವ ಎರಡು ಸಣ್ಣ ದೋಣಿಗಳನ್ನು ಅದಾಗಲೇ ಮುಳುಗಿಸಿ ಆಗಿತ್ತು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ದೋಣಿಯಿಲ್ಲದೆ ಆ ಕುದ್ರಿನಿಂದ ಯಾರೂ ಈಚೆ ಬರುವ ಹಾಗಿಲ್ಲ ಎಂಬುದು ನಿನಗೆ ಗೊತ್ತೇ ಉಂಟು.

ನನ್ನನ್ನು ಕಂಡು ಅವರು ಕೂಗಿ ಹೇಳಿದರು. "ಮಾಸ್ಟ್ರೇ, ಇಲ್ಲಿ ದೊಡ್ಡ ಸಿಡುಬು ಬಿದ್ದಿದೆ. ಮನೆಯವರು ಬಚ್ಚಿಟ್ಟಿದ್ದರು, ನಾನು ಇವತ್ತು ನೋಡಿದೆ. ಸಿಡುಬಿಗೆ ದಾಕು ಚುಚ್ಚುವವರನ್ನು ಕರೆಸಿ. ಅವರು ಬರುವವರೆಗೆ ಇಲ್ಲಿಂದ ಒಂದು ಪಿಳ್ಳೆಯೂ ಆಚೆ ಬರ್ಲಿಕ್ಕಿಲ್ಲ."

ಮರುದಿನ ಕುದ್ರಿನ ಮಕ್ಕಳೆಲ್ಲ ಅವರ ದೋಣಿಯಲ್ಲೇ ನನ್ನ ಶಾಲೆಗೆ ಬರುವವರಿದ್ದರು.

ನಾನು ಅಂದೇ ಬಂಟ್ವಾಳಕ್ಕೆ ಜನ ಕಳಿಸಿದೆ. ದಾಕಿನವರು ಬೇರೆ ಊರಿನಲ್ಲಿದ್ದಾರೆ, ಬರುತ್ತಾರೆ ಎಂದರು. ಅವರು ಬಂದದ್ದು ಶುಕ್ರವಾರ. ಅದಕ್ಕೆ ಮೊದಲು ಮಂಗಳವಾರ ಸಂಜೆ ಖತೀಜಮ್ಮ ದಡಕ್ಕೆ ಬಂದು ಬೊಬ್ಬೆ ಹೊಡೆದರು. ಬೀಬಿಗೆ ನೋವು ಸುರುವಾಗಿ ಒಂದು ದಿನ ಕಳೆದಿದೆ, ಮಗು ಬರುತ್ತಿಲ್ಲ, ಆಸ್ಪತ್ರೆಗೆ ಕೊಂಡುಹೋಗಿ ಎಂದು. ತೆಂಗಿನಕಾಯಿ ಸಾಗಿಸುವ ನಮ್ಮ ಜತ್ತಪ್ಪ ಪಾಣೆಮಂಗಳೂರಿನಿಂದ ಒಂದು ದೋಣಿ ತಂದ. ಅವನೂ ನಾನೂ ಹೋದೆವು.

ನಿನ್ನ ಅಣ್ಣ ಸೊಂಟದವರೆಗೆ ನೀರಿಗಿಳಿದು ಗಳ ಅಡ್ಡ ಹಿಡಿದು ನಿಂತಿದ್ದರು.

"ಸೂಲಗಿತ್ತಿಯೋ ನರ್ಸೋ ಯಾರಾದರೂ ಇದ್ದರೆ ಇಳಿಸಿ. ಇಳಿದವರು ಇಲ್ಲೇ ಇರಬೇಕು. ಅವಳನ್ನು ಕೊಂಡುಹೋಗ್ಲಿಕ್ಕೆ ಬಿಡುವುದಿಲ್ಲ."

"ನಿಮ್ಮ ತಮ್ಮನ ಹೆಂಡತಿ, ಅಬ್ದುಲ್ಲ ಬ್ಯಾರಿ" ಎಂದೆ.

"ಗೊತ್ತುಂಟು ಮಾಸ್ಟ್ರೆ. ಅವಳಿಗೆ ನಿನ್ನೆಯಿಂದ ಜ್ವರ. ಸಿಡುಬು ಬಿದ್ದ ಮನೆಯದ್ದು. ಅಲ್ಲಿ ಆಸ್ಪತ್ರೆಯಲ್ಲಿ ಹೆತ್ತು ಮಲಗಿದವರು ಎಷ್ಟು ಜನ ಇರ್ತಾರೆ, ಎಳೆ ಮಕ್ಕಳು ಎಷ್ಟು!"

ಜತ್ತಪ್ಪ ಬೈದ. ದೋಣಿ ಮುಂದೆ ನೂಕಿದ. ಅವರು ಗಳದಿಂದ ನಮ್ಮ ದೋಣಿಯನ್ನು ಹಿಂದಕ್ಕೆ ತಳ್ಳಿದರು. ನಾವು ತಿರುಗಿ ಬಂದು ನರ್ಸನ್ನು ಹುಡುಕಿದೆವು. ಕುದ್ರಿಗೆ ಬರಲು ಯಾರೂ ಒಪ್ಪಲಿಲ್ಲ. ಬೆಳಿಗ್ಗೆ ಹೋಗುವಷ್ಟರಲ್ಲಿ ಮುಗಿದಿತ್ತು.

ನಿನ್ನ ಮಾವನಿಗೂ ಸಿಡುಬು ಎದ್ದಿದೆ. ಮಗುವಿಗೆ ದಾಕು ಹಾಕಿದ್ದಾರೆ. ಈಗ ಹೊರಟು ಬರಬೇಡ, ಬಂದರೂ ಕಾವಲಿನವರು ಕುದ್ರಿಗೆ ಬಿಡುವುದಿಲ್ಲ.

ಇದಕ್ಕಿಂತ ಸಮಾಧಾನವಾಗಿ ಬರೆಯುವುದು ನನಗೆ ತಿಳಿಯದು.

ನಿನ್ನ
ಹೇಮರಾಜ

*

ಮುಂಬಯಿ
21 ಜೂನ್ 1958

ಹೇಮರಾಜ,

ನಿನ್ನ ಕಾಗದವನ್ನು ಹೋಟೆಲಿನ ಹಿಂದೆ ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕೂತು ಓದಿದೆ. ಯಜಮಾನರು ಮೂರು ದಿನ ರಜೆ ಕೊಟ್ಟರು. ಆ ಮೂರು ದಿನ ಏನು ಮಾಡಿದೆನೆಂದು ನೆನಪಿಲ್ಲ.

ಬೀಬಿಗೆ ಸಿಡುಬು ಎದ್ದಿತ್ತೇ? ಮೈಮೇಲೆ ಗುಳ್ಳೆ ಇತ್ತೇ? ಅಷ್ಟನ್ನು ಕೇಳಿ ಬರೆ.

ಅವನ ಹೆಸರನ್ನು ನನಗೆ ಬರೆಯಬೇಡ. ಉಪ್ಪ ತೀರಿ ತಂದೆಯಿಲ್ಲದವನಾದ ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ತಂದುಬಿಡುತ್ತಿದ್ದವನು ಅವನೇ ಎಂದು ನೀನು ನೆನಪು ಮಾಡಿಕೊಡುವುದೂ ಬೇಡ. ಈಗಾಗಲೇ ಅದೆಲ್ಲ ನೆನಪಿಗೆ ಬರುತ್ತಿದೆ, ಬರುವುದೇ ಬೇಡವಾಗಿದೆ.

ಮೇ ತಿಂಗಳಲ್ಲಿ ಅವಳ ತಮ್ಮ ಹಕೀಮ ಹೋದ. ಈಗ ಇವಳು. ಆ ತಾಯಿಯ ಹೊಟ್ಟೆಯ ಸಂಕಟ ನನಗೆ ಇಲ್ಲಿಂದಲೇ ತಿಳಿಯುತ್ತದೆ.

ನಿಝಾಮುದ್ದೀನ್

*

ಫರಂಗಿಪೇಟೆ
18 ಆಗಸ್ಟ್ 1958

ಪ್ರಿಯ ನಿಝಾಮ,

ತಡವಾಯಿತು. ಕುದ್ರಿನ ಕಾವಲು ತೆಗೆದದ್ದೇ ಕಳೆದ ವಾರ. ನಿನ್ನ ಮಾವ ಜೂನ್ ಕೊನೆಗೆ ತೀರಿಕೊಂಡದ್ದನ್ನು ಕಾರ್ಡಿನಲ್ಲಿ ಬರೆದಿದ್ದೆ. ಕುದ್ರಿನಲ್ಲಿ ಸತ್ತವರು ಒಟ್ಟು ಏಳು. ಹೊಳೆಯ ಈಚೆ ಒಬ್ಬರಿಗೂ ಬರಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಬೀಬಿಯ ಮೈಮೇಲೆ ಗುಳ್ಳೆ ಇರಲಿಲ್ಲ. ಏಳುವ ಮೊದಲೇ ಹೋದಳೋ ಅಥವಾ ಅದು ಬರೀ ಹೆರಿಗೆಯ ಜ್ವರವೋ ಎಂದು ದಾಕಿನ ಇನ್ಸ್‌ಪೆಕ್ಟರನ್ನು ಕೇಳಿದೆ. "ಈಗ ಯಾರಿಂದಲೂ ಹೇಳಲಾಗದು" ಎಂದರು. ಸುಳ್ಳು ಬರೆಯಬಹುದಿತ್ತು. ನಿನಗೆ ಬರೆಯಲು ಮನಸ್ಸಾಗಲಿಲ್ಲ.

ನಾನು ಖತೀಜಮ್ಮನ ಮನೆಗೆ ಹೋಗಿದ್ದೆ. ಮಗುವಿಗೆ ಜುಲೈಕಾ ಎಂದು ಹೆಸರಿಟ್ಟಿದ್ದಾರೆ. ಚೆನ್ನಾಗಿ ಅಳುತ್ತಾಳೆ, ಕೈಕಾಲು ಗಟ್ಟಿ ಇದೆ. ನಾನು ಕೂತಿದ್ದಾಗ ಅಂಗಳದಲ್ಲಿ ಯಾರೋ ಬಂದ ಹಾಗಾಯಿತು. ನಿನ್ನ ಅಣ್ಣ. ಹೆಸರು ಬರೆಯುವುದಿಲ್ಲ, ಆದರೆ ಬರೆಯದೆ ಸಂಗತಿ ಹೇಳಲಾಗುವುದಿಲ್ಲ. ಆಡಿನ ಹಾಲಿನ ಚೊಂಬನ್ನು ಜಗಲಿಯಲ್ಲಿಟ್ಟು, ಒಳಗೆ ನೋಡದೆ ಹೋದರು. ಅವರು ಮರೆಯಾದ ಮೇಲೆ ಖತೀಜಮ್ಮ ಎದ್ದು ಚೊಂಬನ್ನು ಒಳಗೆ ತಂದರು.

"ದಿನಾ ತರುತ್ತಾರಾ?" ಎಂದು ಕೇಳಿದೆ.

"ತರ್ತಾನೆ. ಮಾತಾಡ್ಲಿಕ್ಕಿಲ್ಲ" ಎಂದರು. ಮಗುವನ್ನು ತಟ್ಟುತ್ತಾ ಮತ್ತೆ ಹೇಳಿದರು: "ಮಾಸ್ಟ್ರೇ, ನನ್ನ ಮಗಳನ್ನು ಕೊಂದವ ಅವನೇ. ನನ್ನ ಗಂಡನ ಕೀವು ಒರೆಸಿದ್ದು, ಮೀಯಿಸಿ ಮಣ್ಣು ಮಾಡಿದ್ದು ಸಹ ಅವನೇ. ಬೇರೆ ಯಾರೂ ಹತ್ತಿರ ಬರ್ಲಿಲ್ಲ. ಎರಡು ಜನ ಆಗಿದ್ದರೆ ಒಬ್ಬನಿಗೆ ಶಾಪ ಹಾಕಿ ಇನ್ನೊಬ್ಬನನ್ನು ಕೂರಿಸಿ ಚಾ ಕೊಡಬಹುದಿತ್ತು. ಒಬ್ಬನೇ ಆದದ್ದಕ್ಕೆ ನಾನು ಎಂತ ಮಾಡುವುದು?"

ಚಿಕ್ಕಂದಿನಲ್ಲೇ ಸಿಡುಬು ಬಂದು ಉಳಿದವರಾದ್ದರಿಂದ ನಿನ್ನ ಅಣ್ಣನಿಗೆ ಮತ್ತೆ ಬರುವ ಹೆದರಿಕೆ ಇರಲಿಲ್ಲ. ಮನೆಯಿಂದ ಮನೆಗೆ ಹೋಗಿ ನೀರು, ಗಂಜಿ ಕೊಟ್ಟವರು, ಏಳು ಗುಂಡಿ ತೋಡಿದವರು ಅವರೊಬ್ಬರೇ. ಆದರೂ ಕುದ್ರಿನ ಜನ ಅವರ ಸಲಾಮಿಗೆ ಮರುಸಲಾಮು ಹೇಳುವುದಿಲ್ಲ. ದಡದಲ್ಲಿ ಬೊಬ್ಬೆ ಹೊಡೆದ ತಾಯಿಯನ್ನು ಎಲ್ಲರೂ ಕಂಡಿದ್ದಾರೆ. ಈಚೆ ದಡದವರೂ ಅಷ್ಟೆ. ತಮ್ಮ ಮಕ್ಕಳು ಉಳಿದದ್ದು ಹೇಗೆಂದು ಗೊತ್ತಿದ್ದೂ, ತಮ್ಮನ ಹೆಂಡತಿಯನ್ನೇ ಆಸ್ಪತ್ರೆಗೆ ಬಿಡದವ ಎಂದು ಮುಖ ತಿರುಗಿಸುತ್ತಾರೆ. ಈಗ ಕಡವು ನಡೆಸುವುದು ಜತ್ತಪ್ಪ. ನಿನ್ನ ಅಣ್ಣ ದೋಣಿಗೆ ಕಾಲಿಟ್ಟರೆ ಹೆಂಗಸರು ಇಳಿದುಬಿಡುತ್ತಾರೆ. ಹಾಗಾಗಿ ಅವರು ಎಲ್ಲರೂ ದಾಟಿದ ಮೇಲೆ ಒಬ್ಬರೇ ದಾಟುತ್ತಾರೆ.

ನನ್ನ ತರಗತಿ ತುಂಬಿದೆ. ಕುದ್ರಿನ ಮಕ್ಕಳಲ್ಲಿ ಇಬ್ಬರ ಮುಖದಲ್ಲಿ ಕಲೆ ಇದೆ. ಉಳಿದವರು ಹಾಗೇ ಇದ್ದಾರೆ. ಅವರನ್ನು ನೋಡುವಾಗ ನಿನಗೆ ಹೇಗೆ ಬರೆಯಲಿ ಎಂದು ತೋಚುವುದಿಲ್ಲ.

ನಿನ್ನ
ಹೇಮರಾಜ

*

ಮುಂಬಯಿ
3 ಸೆಪ್ಟೆಂಬರ್ 1958

ಹೇಮರಾಜ,

ಗುಳ್ಳೆ ಇರಲಿಲ್ಲ ಎಂದೆಯಲ್ಲ. ಅಷ್ಟು ಸಾಕು.

ನನ್ನ ಮಗಳು ಅವನು ತಂದ ಹಾಲು ಕುಡಿಯುವುದು ಬೇಡ. ಖತೀಜಮ್ಮನಿಗೆ ನಾನು ಹಣ ಕಳಿಸುತ್ತೇನೆ. ಅವನು ಕುದ್ರು ಬಿಟ್ಟು ಹೋಗಬೇಕು. ನಾನು ಊರಿಗೆ ಬರುವಾಗ ಅವನ ಮುಖ ನನಗೆ ಕಾಣಬಾರದು. ಇದನ್ನು ನೀನೇ ಅವನಿಗೆ ಹೇಳು. ನಿನ್ನನ್ನು ಬಿಟ್ಟರೆ ಹೇಳಲು ನನಗೆ ಯಾರಿದ್ದಾರೆ?

ಊರಿಗೆಲ್ಲ ಒಳ್ಳೆಯದು ಮಾಡಿದ, ಸರಿ. ಊರು ನನ್ನ ಮನೆಗೆ ಬಂದು ಅಡುಗೆ ಮಾಡುವುದಿಲ್ಲ, ನನ್ನ ಮಗಳ ತಲೆ ಬಾಚುವುದಿಲ್ಲ.

ನಿಝಾಮುದ್ದೀನ್

*

ಫರಂಗಿಪೇಟೆ
28 ಸೆಪ್ಟೆಂಬರ್ 1958

ಪ್ರಿಯ ನಿಝಾಮ,

ಹೇಳಿದೆ. ಬಲೆ ಹೆಣೆಯುತ್ತಿದ್ದವರು ತಲೆ ಎತ್ತದೆ ಕೇಳಿದರು. "ಅವ ಹೇಳಿದ್ದು ನ್ಯಾಯವೇ" ಎಂದರು. ಬಲೆಯನ್ನು ಮಡಚಿ ಪಕ್ಕದ ಮನೆಯವರ ಬೇಲಿಗೆ ಹಾಕಿದರು. ಆಡನ್ನು ಖತೀಜಮ್ಮನ ಹಟ್ಟಿಯಲ್ಲಿ ಕಟ್ಟಿದರು. ಮರುದಿನದ ಬಸ್ಸಿನಲ್ಲಿ ಬೆಳ್ತಂಗಡಿಗೆ ಹೋದರು. ಅಲ್ಲಿ ಮರದ ಡಿಪೋದಲ್ಲಿ ಕೆಲಸ ಸಿಗುತ್ತದಂತೆ.

ಹಾಲು ಆಡಿನದು, ಆಡು ಈಗ ಖತೀಜಮ್ಮನದು. ಮಗು ಕುಡಿಯುತ್ತಿದೆ. ಅದನ್ನು ನಿಲ್ಲಿಸಲು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ.

ನಿನ್ನ
ಹೇಮರಾಜ

*

ಮುಂಬಯಿ
14 ಡಿಸೆಂಬರ್ 1958

ಪ್ರಿಯ ಹೇಮರಾಜ,

ಮೂರು ತಿಂಗಳು ನಿನಗೆ ಬರೆಯಲಿಲ್ಲ. ಇವತ್ತು ಬರೆಯದೆ ಇರಲಾಗುತ್ತಿಲ್ಲ.

ಹಕೀಮ ಇಲ್ಲಿ ನನ್ನ ಖೋಲಿಯಲ್ಲೇ ಇದ್ದನೆಂದು ನಿನಗೆ ಗೊತ್ತು. ಏಪ್ರಿಲಿನಲ್ಲಿ ಅವನ ಪಕ್ಕ ಮಲಗುತ್ತಿದ್ದ ರತ್ನಾಗಿರಿಯವನೊಬ್ಬ ಜ್ವರ ಬಂದು ಆಸ್ಪತ್ರೆಗೆ ಹೋದ. ಮುನಿಸಿಪಾಲಿಟಿಯವರು ಬಂದು ಅವನ ಹಾಸಿಗೆ ಸುಟ್ಟರು, ನಮಗೆ ದಾಕು ಹಾಕಿದರು. ಹಕೀಮ ಹೆದರಿ ಆ ದಿನ ತಪ್ಪಿಸಿಕೊಂಡಿದ್ದ. ಆಮೇಲೆ ಅವನಿಗೆ ಮೈ ಬಿಸಿಯಾದಾಗ ನಾನೇ ಅವನನ್ನು ಮಂಗಳೂರಿನ ಹಡಗು ಹತ್ತಿಸಿದೆ. "ಉಮ್ಮನ ಕೈಯ ಗಂಜಿ ಕುಡಿದರೆ ಸರಿಹೋಗ್ತೀಯ" ಎಂದೆ. ಬೀಬಿಗೆ ಒಂದು ಸೀರೆ, ಹುಟ್ಟುವ ಮಗುವಿಗೆ ಬಟ್ಟೆ ಅವನ ಕೈಯಲ್ಲೇ ಕೊಟ್ಟೆ.

ಅವನು ತೀರಿಕೊಂಡನೆಂದು ಕಾಗದ ಬಂದಾಗ ಅದರಲ್ಲಿ ಜ್ವರ ಎಂದಷ್ಟೇ ಇತ್ತು. ನಾನೂ ಜ್ವರ ಎಂದೇ ನಂಬಿದೆ. ನಿನ್ನೆ ಆ ರತ್ನಾಗಿರಿಯವ ಊರಿನಿಂದ ತಿರುಗಿ ಬಂದ. ಮುಖ ತುಂಬ ಕಲೆ. ನನ್ನ ಎದುರೇ ಕೂತು ಉಂಡ. ನಾನು ತಟ್ಟೆ ಬಿಟ್ಟು ಎದ್ದೆ.

ಕುದ್ರಿನಲ್ಲಿ ಮೊದಲು ಬಿದ್ದದ್ದು ಹಕೀಮನಿಗಲ್ಲವೇ? ಆ ಮನೆಯವರು ಬಚ್ಚಿಟ್ಟದ್ದು ಅದನ್ನೇ ಅಲ್ಲವೇ? ಇಷ್ಟು ಕಾಗದ ಬರೆದ ನೀನು ಅದೊಂದನ್ನು ಯಾಕೆ ಬರೆಯಲಿಲ್ಲ? ಬರೆಯಬೇಡವೆಂದು ನಿನ್ನನ್ನು ತಡೆದವರು ಯಾರು ಎಂದು ಕೇಳುವುದಿಲ್ಲ. ನನಗೆ ಕಾಣುತ್ತಿದೆ.

ಬೇಗ ಬರೆ.

ನಿಝಾಮ

*

ಫರಂಗಿಪೇಟೆ
11 ಜನವರಿ 1959

ಪ್ರಿಯ ನಿಝಾಮ,

ಹೌದು, ಹಕೀಮನಿಗೇ ಮೊದಲು.

ನಿನ್ನ ಕಾಗದ ಬಂದ ವಾರವೇ ನಾನು ಬೆಳ್ತಂಗಡಿಗೆ ಹೋದೆ. ಇದಕ್ಕೆ ಉತ್ತರ ಬರೆಯುವ ಮೊದಲು ನಿನ್ನ ಅಣ್ಣನಿಗೆ ಹೇಳುವುದು ನ್ಯಾಯವೆಂದು ಕಂಡಿತು. ಡಿಪೋದ ಹಿಂದೆ ಹೊಳೆಯ ಬದಿಯಲ್ಲಿ ದಿಮ್ಮಿ ಉರುಳಿಸುತ್ತಿದ್ದರು. ಸೊರಗಿ ಇಳಿದುಹೋಗಿದ್ದಾರೆ. ನನ್ನನ್ನು ಕಂಡ ಕೂಡಲೇ ಕೇಳಿದ್ದು ಮಗುವನ್ನು.

"ಹಲ್ಲು ಬಂತಾ?"

"ಎರಡು ಬಂದಿದೆ. ಅಬ್ದುಲ್ಲ ಬ್ಯಾರಿ, ನಿಮ್ಮ ತಮ್ಮನಿಗೆ ಹಕೀಮನ ಸಂಗತಿ ಗೊತ್ತಾಗಿದೆ."

ಅವರು ದಿಮ್ಮಿಯ ಮೇಲೆ ಕೂತುಬಿಟ್ಟರು. "ಯಾರು ಹೇಳಿದ್ದು? ಖತೀಜಮ್ಮನಿಂದ ಆಣೆ ಹಾಕಿಸಿದ್ದೆ. ನೀವೂ ಮಾತು ಕೊಟ್ಟಿದ್ರಿ."

"ಯಾರೂ ಹೇಳಲಿಲ್ಲ. ಅವನೇ ತಿಳಿದುಕೊಂಡ."

"ಛೆ" ಎಂದರು. "ನನ್ನ ಮೇಲೆ ಸಿಟ್ಟಿದ್ದರೆ ಅವ ಉಂಡು, ದುಡಿದು, ನನ್ನನ್ನು ಬೈದು ಮಲಗ್ತಾನೆ ಮಾಸ್ಟ್ರೆ. ಸಿಡುಬನ್ನು ಮನೆಗೆ ಕಳಿಸಿದ್ದು ತಾನೇ ಅಂತ ಆದ್ರೆ ಅವ ಯಾರನ್ನು ಬೈಯುವುದು? ಅಲ್ಲಿ ಅವನಿಗೆ ಯಾರಿದ್ದಾರೆ? ಅದಕ್ಕೇ ನನ್ನ ಮೇಲೇ ಇರಲಿ ಅಂತ ಇದ್ದೆ. ನನಗೆ ಹೇಗೂ ಅಭ್ಯಾಸ ಆಗಿತ್ತು."

ನನಗೆ ಸಿಟ್ಟು ಬಂತು ನಿಝಾಮ. ಹೇಳಿಯೇಬಿಟ್ಟೆ: "ತಮ್ಮ ಏನು ತಿಳಿಯಬೇಕು, ಯಾರನ್ನು ದ್ವೇಷಿಸಬೇಕು ಎಂದು ತೀರ್ಮಾನಿಸಲು ನೀವು ಯಾರು? ದೋಣಿ ಒಡೆಯುವಾಗ ಯಾರನ್ನೂ ಕೇಳಲಿಲ್ಲ, ಇದನ್ನೂ ಕೇಳಲಿಲ್ಲ."

"ಕೇಳಿದ್ರೆ ದೋಣಿ ಒಡೆಯಲಿಕ್ಕೆ ಬಿಡ್ತಿದ್ರಾ?" ಎಂದರು. ಆಮೇಲೆ ದನಿ ಇಳಿಸಿ, "ಇದನ್ನು ಕೇಳಬಹುದಿತ್ತು. ಇದು ತಪ್ಪೇ" ಎಂದರು.

ಇನ್ನೊಂದು ಮಾತನ್ನು ನಾನು ಕೇಳದೆ ಅವರೇ ಹೇಳಿದರು. ಹೇಳಿದ ಹಾಗೆಯೇ ಬರೆಯುತ್ತೇನೆ. "ಭಾನುವಾರದ್ದರಲ್ಲಿ ನನಗೆ ಸಂಶಯ ಇಲ್ಲ. ಆ ಮಕ್ಕಳು ದೋಣಿ ಹತ್ತಿದ್ದರೆ ಇಡೀ ಪೇಟೆ ಮಲಗ್ತಿತ್ತು. ಆದ್ರೆ ಮಂಗಳವಾರದ್ದು ಗೊತ್ತಿಲ್ಲ. ಅವಳಿಗೆ ಬರೀ ಹೆರಿಗೆ ಜ್ವರ ಇದ್ದಿರಬಹುದು. ಇರ್ಲಿಕ್ಕಿಲ್ಲ ಅಂತ ಆ ಹೊತ್ತಿಗೆ ಅನಿಸಿತು. ನೀವು ತಿರುಗಿ ಹೋದ ಮೇಲೆ ಅವಳು ನನ್ನನ್ನು ಕರೆದಳು. ದೋಣಿ ಬಂತಾ ಅಂತ ಕೇಳಿದಳು. ಬಂತು, ನಾನು ಕಳಿಸಿದೆ ಅಂತ ಹೇಳಿದೆ. ಸಾಯುವವಳಿಗೆ ಸುಳ್ಳು ಹೇಳ್ಲಿಕ್ಕೆ ಬರ್ಲಿಲ್ಲ. ಅವಳು ಗೋಡೆಯ ಕಡೆ ತಿರುಗಿದಳು. ಆಮೇಲೆ ನನ್ನ ಹತ್ತಿರ ಮಾತಾಡ್ಲೇ ಇಲ್ಲ."

ನಿಝಾಮ, ಹಕೀಮನನ್ನು ನೀನು ಕಳಿಸಿದ್ದು ಪ್ರೀತಿಯಿಂದ. ಜ್ವರ ಬಂದ ಹುಡುಗನನ್ನು ತಾಯಿಯ ಹತ್ತಿರ ಕಳಿಸದವರು ಯಾರು? ನಾನೂ ಹಾಗೆಯೇ ಮಾಡುತ್ತಿದ್ದೆ. ಇಷ್ಟನ್ನು ಬರೆದದ್ದರಿಂದ ನಿನ್ನ ಭಾರ ಇಳಿಯುವುದಿಲ್ಲವೆಂದು ಗೊತ್ತು. ಆದರೂ ಊಟ ಬಿಡಬೇಡ. ಮಗಳು ಕೂರುತ್ತಾಳೆ, ಅಂಬೆಗಾಲಿಡಲು ನೋಡುತ್ತಾಳೆ. ಬಂದು ಅವಳ ಮುಖ ನೋಡು.

ನಿನ್ನ
ಹೇಮರಾಜ

*

ನಡುಕುದ್ರು
30 ಏಪ್ರಿಲ್ 1959

ಪ್ರಿಯ ಹೇಮರಾಜ,

ನೀನು ರಜೆಗೆ ಬೆಳುವಾಯಿಗೆ ಹೋದೆಯೆಂದು ಶಾಲೆಯ ಹತ್ತಿರ ಹೇಳಿದರು. ಮೂಡಬಿದ್ರೆಗೆ ಹೋಗುವವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಈ ಸಲ ಬರೆಯುವ ಸರದಿ ನನ್ನದು.

ಜುಲೈಕಾ ನನ್ನನ್ನು ನೋಡಿ ಕಿರುಚಿದಳು. ಎರಡು ದಿನ ಹತ್ತಿರ ಬರಲಿಲ್ಲ. ಮೂರನೆಯ ದಿನ ನನ್ನ ಮೂಗು ಹಿಡಿದು ಎಳೆದಳು. ಹಣೆ ಬೀಬಿಯದ್ದೇ. ನಾನು ಮುಂಬಯಿಗೆ ಹೋಗುವುದಿಲ್ಲ ಎಂದು ಖತೀಜಮ್ಮನಿಗೆ ಹೇಳಿದ್ದೇನೆ. ಫರಂಗಿಪೇಟೆಯಲ್ಲಿ ಒಂದು ಚಾ ಅಂಗಡಿ ಇಡಬಹುದೋ ನೋಡಬೇಕು. ನೀನು ಬಂದ ಮೇಲೆ ಮಾತಾಡುವ.

ಊರಿಗೆ ಬಂದ ಮರುವಾರ ಬೆಳ್ತಂಗಡಿಗೆ ಒಂದು ಕಾರ್ಡು ಬರೆದೆ. ಬುಧವಾರ ಬಿ.ಸಿ.ರೋಡಿಗೆ ಬಾ ಎಂದಷ್ಟೇ. ಕಾಕ ಎಂದೇ ಕರೆಯುವ ಅಣ್ಣನಿಗೆ ನಾನು ಹಾಗೆ ಏಕವಚನ ಬರೆದದ್ದೇ ಇಲ್ಲ. ಹೊಡೆದುಹಾಕಿ 'ಬನ್ನಿ' ಎಂದು ಬರೆದೆ.

ಮಧ್ಯಾಹ್ನದ ಬಸ್ಸಿನಲ್ಲಿ ಇಳಿದರು. ಕೈಯಲ್ಲಿ ಒಂದು ಕೊಡೆ, ಬೇರೇನಿಲ್ಲ. ಎರಡು ಮಾರು ದೂರವೇ ನಿಂತರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತೆಲ್ಲ ಮರೆತುಹೋಯಿತು. ಒಂದೇ ಮಾತು ಬಾಯಿಗೆ ಬಂತು.

"ಕಾಕ, ಆ ಮಂಗಳವಾರ ಜತ್ತಪ್ಪನ ದೋಣಿಯಲ್ಲಿ ನಾನೂ ಇದ್ದಿದ್ದರೆ ನನ್ನನ್ನೂ ತಡೀತಿದ್ರಾ?"

ಬಸ್ಸು ಹೊರಟುಹೋಯಿತು, ಧೂಳು ಇಳಿಯಿತು.

"ನಿನ್ನನ್ನು ಇಳಿಸಿಕೊಳ್ತಿದ್ದೆ. ವಾಪಸು ಬಿಡ್ತಿರ್ಲಿಲ್ಲ."

ಹೇಮರಾಜ, ಬೇರೆ ಏನು ಹೇಳಿದ್ದರೂ ನಾನು ಅಲ್ಲಿಂದಲೇ ತಿರುಗಿ ಬರುತ್ತಿದ್ದೆ. ನಿನಗಾಗಿ ಬಿಟ್ಟುಬಿಡುತ್ತಿದ್ದೆ ಎಂದಿದ್ದರೆ ಅದು ಸುಳ್ಳಾಗುತ್ತಿತ್ತು. ನೀನಿದ್ದರೂ ತಳ್ಳುತ್ತಿದ್ದೆ ಎಂದಿದ್ದರೆ ಅವರನ್ನು ನಾನು ಮನುಷ್ಯರೆಂದು ತಿಳಿಯುತ್ತಿರಲಿಲ್ಲ. ಇಳಿಸಿಕೊಂಡಿದ್ದರೆ ನಾನು ಅವಳ ಹತ್ತಿರ ಇರುತ್ತಿದ್ದೆ. ಅವಳು ಗೋಡೆಯ ಕಡೆ ತಿರುಗುತ್ತಿರಲಿಲ್ಲ. ಅಷ್ಟನ್ನು ಮಾತ್ರ ನಾನು ಈಗ ಕೇಳುವುದು. ಅದೂ ಸಿಗುವುದಿಲ್ಲ.

ನಾನು ಕ್ಷಮಿಸಿದೆನೆಂದು ನೀನು ಯಾರಿಗೂ ಹೇಳಬೇಡ. ಬೀಬಿಯ ಪಾಲಿನ ಕ್ಷಮೆ ಕೊಡಲು ನಾನು ಯಾರು? ಹಕೀಮನ ಸಂಗತಿಯಲ್ಲಿ ನನ್ನನ್ನು ನಾನೇ ಏನು ಮಾಡಬೇಕೆಂದು ಇನ್ನೂ ತಿಳಿದಿಲ್ಲ. ಅದನ್ನು ಅವರಿಗೆ ಹೇಳಿದೆ. "ನನಗೂ ತಿಳಿಯಲಿಲ್ಲ" ಎಂದರು. ಅಷ್ಟೇ ನಮ್ಮ ಮಾತುಕತೆ.

ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಫರಂಗಿಪೇಟೆಯಲ್ಲಿ ಇಳಿದು ಕಡವಿಗೆ ನಡೆದೆವು. ಜತ್ತಪ್ಪನ ದೋಣಿ ಹೊರಡುವುದರಲ್ಲಿತ್ತು. ಸಂತೆ ಮುಗಿಸಿದ ಹೆಂಗಸರು ಕೂತಿದ್ದರು. ನಾನು ಕಾಲಿಟ್ಟೆ. ನನಗೆ ಜಾಗ ಬಿಟ್ಟುಕೊಟ್ಟರು. ತಿರುಗಿ ನೋಡಿದರೆ ಕಾಕ ಮೇಲೆ ಹೊನ್ನೆ ಮರದ ಬುಡದಲ್ಲೇ ನಿಂತಿದ್ದರು, ಎಂದಿನಂತೆ ಕೊನೆಗೆ ಬರಲಿಕ್ಕೆ.

"ಬನ್ನಿ" ಎಂದೆ.

ಬೇಡವೆಂದು ತಲೆಯಾಡಿಸಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಬುಟ್ಟಿ ಎತ್ತಿಕೊಂಡು ಇಳಿಯಲು ಎದ್ದಳು. ಅವಳ ಮಗನೂ ಆ ಜೂನಿನಲ್ಲಿ ಹೋದದ್ದು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

"ನೀವು ಕೂತುಕೊಳ್ಳಿ ತಂಗೀ" ಎಂದು ಹೇಳಿ ನಾನೇ ಇಳಿದೆ. "ಹೋಗು ಜತ್ತಪ್ಪ. ನಾವು ಮತ್ತೆ ಬರ್ತೇವೆ."

ಜತ್ತಪ್ಪ ಗಳ ಊರಿದ. ದೋಣಿ ಹೋಯಿತು. ನಾನು ಹೊನ್ನೆ ಮರದ ಹತ್ತಿರ ಬಂದೆ.

"ನೀನು ಹೋಗಬಹುದಿತ್ತಲ್ಲ ಮಾರಾಯ. ಮಗು ಕಾಯ್ತಾ ಇರ್ತದೆ."

"ಅವಸರ ಇಲ್ಲ" ಎಂದೆ.

ಮರದ ನೆರಳು ಒಬ್ಬರಿಗೆ ಸಾಲುವಷ್ಟೇ ಇತ್ತು. ದೋಣಿ ಆಚೆ ಮುಟ್ಟಿ, ಜನ ಇಳಿದು, ತಿರುಗಿ ಬರಲು ತುಂಬ ಹೊತ್ತು ಬೇಕು. ಕಾಕ ಕೊಡೆ ಬಿಚ್ಚಿ, ತಮ್ಮ ಕಡೆಯಿಂದ ಸ್ವಲ್ಪ ಓರೆ ಮಾಡಿ ನನ್ನ ತಲೆಯ ಮೇಲೆ ಹಿಡಿದರು. ನಾನು ಬೇಡ ಎನ್ನಲಿಲ್ಲ.

ನಿನ್ನ
ನಿಝಾಮ